ಮೈಸೂರು ಸಂಸ್ಥಾನದಲ್ಲಿ ಪ್ರಭುತ್ವಭಾವನೆಯ ಪರಿವರ್ತನೆ

ರಾಜ್ಯವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋದ ದಿನವನ್ನು ಚರಿತ್ರಕಾರನು ತಪ್ಪದೆ ಗುರುತಿಟ್ಟುಕೊಳ್ಳುತ್ತಾನೆ. 1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಟಿಪ್ಪು ಸುಲ್ತಾನನು ಮಡಿದುದು, 1831ರಲ್ಲಿ ಇಂಗ್ಲಿಷ್ ಕಂಪೆನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರವರಿಂದ ಆಡಳಿತವನ್ನು ತೆಗೆದುಕೊಂಡುದು, 1881ರ ಮಾರ್ಚ್ 25ರಂದು ಅದೇ ರಾಜ್ಯವನ್ನು ಚಾಮರಾಜೇಂದ್ರ ಒಡೆಯರವರಿಗೆ ಹಿಂದಕ್ಕೆ ಒಪ್ಪಿಸಿದುದು, 1947ರ ಅಕ್ಟೋಬರಿನಲ್ಲಿ ಪ್ರಜೆಗಳ ಮಂತ್ರಿಮಂಡಲವು ಅಧಿಕಾರ ವಹಿಸಿದುದು, ಇವೆಲ್ಲಕ್ಕೂ ತಿಥಿವಾರಗಳುಂಟು. ಆದರೆ ದೊರೆಯ ಮುಂದೆ ಕೈಮುಗಿದು ಬೇಡುತ್ತಿದ್ದ ಒಕ್ಕಲಮಗನು, ಕೇಳುವುದು ತನ್ನ ಹಕ್ಕೆಂದೂ ಉತ್ತರ ಹೇಳುವುದು ಸರ್ಕಾರದ ಕರ್ತವ್ಯವೆಂದೂ ತಿಳಿದುಕೊಂಡುದು ಯಾವ ದಿನ? ಇದಕ್ಕೆ ಯಾವ ಪಂಚಾಂಗದಲ್ಲಿಯೂ ತಿಥಿ ದೊರೆಯದು. ಪ್ರಭುತ್ವವು ಬದಲಾಗುವ ವೇಗ ಒಂದು. ಪ್ರಭುತ್ವವನ್ನು ಕುರಿತ ಜನರ ಭಾವನೆಯು ಬದಲಾಗುವ ವೇಗ ಇನ್ನೊಂದು. ಈ ಎರಡನೆಯ ಬದಲಾವಣೆಯು ನಡೆದ ಬಗೆಯನ್ನು ಕಾಣಬೇಕೆಂದರೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಅರುವತ್ತೆಂಟು ವರ್ಷಗಳ ಚರಿತ್ರೆಯನ್ನು ನೋಡತಕ್ಕದ್ದು.

ಸಭೆಯ ಕಥೆಗೆ ಮುಂಚೆ ಕೂಟದ ಕಥೆಯನ್ನು ಹೇಳಬೇಕಾಗುತ್ತದೆ. ಶ್ರೀರಂಗಪಟ್ಟಣದ ಪತನಾನಂತರ ಐದು ವರ್ಷದ ಬಾಲಕರಾಗಿದ್ದ ಕೃಷ್ಣರಾಜ ಒಡೆಯರವರಿಗೆ ಪಟ್ಟವಾಯಿತು. ಕಂಪೆನಿಗೆ ವರ್ಷಂಪ್ರತಿ ಏಳು ಲಕ್ಷ ವರಹಗಳ ಪೊಗದಿಯನ್ನು ಸಲ್ಲಿಸಬೇಕೆಂಬ ಕರಾರೂ ಆಯಿತು. ದಿವಾನ್ ಪೂರ್ಣಯ್ಯನವರು ಸುಮಾರು ಹನ್ನೆರಡು ವರ್ಷ ಆಡಳಿತವನ್ನು ಬಿಗಿಯಾಗಿ ನಡೆಸಿ, ಬೊಕ್ಕಸವನ್ನು ತುಂಬಿಸಿಟ್ಟು ಹೋದರು. ಅವರ ತರುವಾಯ ಬೊಕ್ಕಸವು ಬರಿದಾಗುತ್ತ ಬಂದು, ಕಂದಾಯದ ವಸೂಲಿಯು ಶರತ್ತಿನ ಪದ್ಧತಿಗೆ ಇಳಿಯಿತು. ಇಷ್ಟು ಹಣವನ್ನು ತಂದುಕೊಡುವೆನೆಂದು ಒಪ್ಪಿಕೊಂಡ ಅಮಲ್ದಾರನಿಗೆ ತಾಲ್ಲೂಕನ್ನು ವಹಿಸುವುದು, ಅವನು ಆ ಹಣವನ್ನೂ ಅದರ ಮೇಲೆ ತನ್ನ ಲಾಭವನ್ನೂ ರೈತನಿಂದ ಹಿಂಡಿಕೊಳ್ಳುವುದು, ಇದೇ ಆ ಪದ್ಧತಿಯ ಸಾರ. 1830ರಲ್ಲಿ ನಗರದ ಸೀಮೆಯ ರೈತರು ಊರೂರಿಗೆ ಓಲೆ ಕಳುಹಿಸಿ, ಬಸವಾಪಟ್ಟಣ ಹೊನ್ನಾಳಿಗಳ ಕಡೆಯಲ್ಲಿ ಕೂಟಗಳಾಗಿ ಸೇರಿ, ಕಂದಾಯ ಕೊಡುವುದಿಲ್ಲವೆಂದು ನಿಂತರು. ಬೂದಿ ಬಸವಪ್ಪನೆಂಬವನು ನಗರದ ಅರಸುತನಕ್ಕೆ ತಾನು ಹಕ್ಕುದಾರನೆಂದು ಹೇಳಿಕೊಂಡು ಮುಂದಾಳಾದನು. ಕೂಟಕ್ಕೆ ದೊರೆತ ಉತ್ತರವು ತುಪಾಕಿಯದು. ಆ ದಂಗೆಯನ್ನೇ ಕಾರಣವಾಗಿ ತೋರಿಸಿ ಗವರ್ನರ್ ಜನರಲ್ ಬೆಂಟಿಂಕನು ಮರುವರ್ಷ ಮಹಾರಾಜರ ಕೈಯಿಂದ ಅಧಿಕಾರವನ್ನು ತೆಗೆದುಕೊಂಡನು. ರೈತರು ಎದ್ದುದರಿಂದ ದೊರೆಯ ಅಧಿಕಾರವು ಹೋಯಿತೇ ಹೊರತು ರೈತರ ಮಾತಿಗೆ ಸ್ಥಾನವೇನೂ ಉಂಟಾಗಲಿಲ್ಲ. ಕೂಟಕ್ಕೆ ಸೇರಿದವರಿಗೂ ಬೇಕಾಗಿದ್ದುದು ಒಳ್ಳೆಯ ಅರಸನೇ. ಅರಸನನ್ನು ಕೇಳುವ ಹಕ್ಕೆಂಬ ಮಾತು ಅವರ ಬಾಯಿಗಿನ್ನೂ ಬಂದಿರಲಿಲ್ಲ.

ಮುಂದಿನ ಐವತ್ತು ವರ್ಷಗಳು ಕಮಿಷನರುಗಳ ಆಳಿಕೆಯವು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಸಾಹೇಬನು ಏಕಮಾತ್ರ ಕಮಿಷನರನಾಗಿ, ಹಳೆಯ ಪದ್ಧತಿಗಳನ್ನು ಆದಷ್ಟೂ ಕದಲಿಸದೆ, ನೂರಾರು ಬಿಡಿ ತೆರಿಗೆಗಳನ್ನು ಎತ್ತಿಹಾಕಿ, ರಸ್ತೆಗಳನ್ನು ಹಾಕಿಸಿದನು. ಅವನ ಅನಂತರ ಬಂದ ಬೌರಿಂಗನು ಸಂಸ್ಥಾನವನ್ನು ಎಂಟು ಜಿಲ್ಲೆಗಳಾಗಿ ವಿಂಗಡಿಸಿದನು. ಜಮೀನಿನ ಅಳತೆಯೂ ಕಂದಾಯದ ನಿಗದಿಯೂ 1863ರಿಂದ ಮೊದಲಾದುವು. ರೈತನು ತಾನು ಎಷ್ಟು ಕೊಡಬೇಕೆಂಬುದನ್ನು ಕಾಗದದ ಮೇಲೆ ಕಂಡುದು ಆ ಕಾಲದಲ್ಲಿ. ಇದನ್ನು ಅಲ್ಪವೆಂದು ಎಣಿಸತಕ್ಕದ್ದಲ್ಲ. ಆದರೂ ಈ ಆಡಳಿತವು ದಕ್ಷವಾದ, ಆದರೆ ಪ್ರಜೆಗಳೊಡನೆ ಮಾತೇ ಇಲ್ಲದ ಆಡಳಿತವಾಗಿದ್ದಿತು. ಆ ಕಾಲದಲ್ಲಿ ಮೈಸೂರು ದೇಶದ ಅತ್ಯಂತ ದೊಡ್ಡ ಅರ್ಜಿದಾರರು ಸಾಕ್ಷಾತ್ ಮಹಾರಾಜರೇ ಎಂಬುದು ವಿಚಿತ್ರವಾದರೂ ನಿಜ. ಮುಮ್ಮಡಿ ಕೃಷ್ಣರಾಜರು ತಮ್ಮ ರಾಜ್ಯವನ್ನು ತಮಗೆ ಕೊಡಬೇಕೆಂದು ಗವರ್ನರ್ ಜನರಲುಗಳಿಗೆ ಮೇಲಿಂದ ಮೇಲೆ ಬರೆದರು. 1865ರಲ್ಲಿ ದತ್ತು ತೆಗೆದುಕೊಂಡರು. ಆ ದತ್ತು ರಾಜ್ಯಕ್ಕೂ ಅನ್ವಯಿಸುವುದೆಂದು 1867ರಲ್ಲಿ ಲಂಡನ್ನಿನಿಂದ ತೀರ್ಮಾನ ಬಂದಿತು. 1868ರ ಮಾರ್ಚಿಯಲ್ಲಿ ಅವರು ದಿವಂಗತರಾದರು. ಮೂವತ್ತೇಳು ವರ್ಷ ಅರ್ಜಿ ಬರೆದ ಅರಸರ ವಂಶಕ್ಕೆ ರಾಜ್ಯವು ಮರಳಿ ಬಂದ ವರ್ಷದಲ್ಲಿಯೇ ಪ್ರಜೆಗಳು ಅರ್ಜಿ ಹೇಳಿಕೊಳ್ಳುವ ಸಭೆಯೂ ಹುಟ್ಟಿದುದನ್ನು ವಾಚಕರು ಮುಂದೆ ಕಾಣುವರು.

ಅದಕ್ಕೆ ಮುಂಚೆ ಮಹಾಕ್ಷಾಮವು ಬಂದಿತು. 1876, 1877ರಲ್ಲಿ ಮಳೆಯು ಕೈಕೊಟ್ಟು, ಕೆರೆಗಳು ಬತ್ತಿ, ಸಂಸ್ಥಾನದ ಮೂಡಣ ಜಿಲ್ಲೆಗಳಲ್ಲಿ ಊರುಗಳು ಪಾಳುಬಿದ್ದುವು. 1871ರಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಬೊಕ್ಕಸದಲ್ಲಿ ಕೂಡಿಟ್ಟಿದ್ದುದೆಲ್ಲ ಕರಗಿ, ಎಂಬತ್ತು ಲಕ್ಷ ರೂಪಾಯಿಗಳ ಸಾಲವು ಉಳಿಯಿತು. ಇಂಥ ರಾಜ್ಯವನ್ನು ಹದಿನೆಂಟು ವರ್ಷದ ತರುಣ ಮಹಾರಾಜರಿಗೆ ಒಪ್ಪಿಸಿ, ಮೊದಲನೆಯ ದಿವಾನರಾಗಿ ಸಿ. ರಂಗಾಚಾರ್ಲುರವರನ್ನು ನಿಯಮಿಸಲಾಯಿತು. ಇವರು ಮದರಾಸು ಸರ್ಕಾರದ ಕಂದಾಯ ಇಲಾಖೆಯಲ್ಲಿ ಪಳಗಿ, 1868ರಲ್ಲಿ ಮೈಸೂರಿಗೆ ಬಂದು ಅರಮನೆಯ ಲೆಕ್ಕಪತ್ರಗಳನ್ನು ಸರಿಪಡಿಸಿದವರು. ಕಮಿಷನರುಗಳ ಆಡಳಿತವು ದೇಶೀಯರನ್ನು ಹೊರಗಿಟ್ಟು ಪರದೇಶೀಯ ಅಧಿಕಾರಿಗಳಿಗಾಗಿ ಮಾಡುತ್ತಿದ್ದ ವೆಚ್ಚವನ್ನು ಖಂಡಿಸಿ 1874ರಲ್ಲಿ ಒಂದು ಪುಸ್ತಿಕೆಯನ್ನೂ ಬರೆದಿದ್ದರು. ಸಾಲದ ಭಾರ, ಜನಕ್ಷಯ, ಹೊಸ ತೆರಿಗೆ ಹಾಕಲಾಗದ ಸ್ಥಿತಿ, ಇವುಗಳ ನಡುವೆ ನಿಂತ ದಿವಾನರಿಗೆ ಪ್ರಜೆಗಳ ನಂಬಿಕೆಯಲ್ಲದೆ ಬೇರೆ ಬಂಡವಾಳವು ಇರಲಿಲ್ಲ.

1881ರ ಆಗಸ್ಟ್ 25ರಂದು ಹೊರಟ ಆಜ್ಞೆಯ ಪ್ರಕಾರ, ಪ್ರತಿಯೊಂದು ತಾಲ್ಲೂಕಿನಿಂದಲೂ ಒಬ್ಬಿಬ್ಬರು ಮುಖಂಡರಾದ ರೈತರೂ, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ವರ್ತಕರೂ ದಸರೆಯ ಕಾಲಕ್ಕೆ ಮೈಸೂರಿಗೆ ಬರತಕ್ಕದ್ದೆಂದೂ, ಕಳೆದ ವರ್ಷದ ಆಡಳಿತವನ್ನೂ ಮುಂದಿನ ಉದ್ದೇಶಗಳನ್ನೂ ಸರ್ಕಾರವು ಅವರಿಗೆ ವಿವರಿಸುವುದೆಂದೂ ಏರ್ಪಾಟಾಯಿತು. ಅಕ್ಟೋಬರ್ 7ರಂದು 144 ಮಂದಿ ಸೇರಿದರು. ಬೆಂಗಳೂರಿನಿಂದ ಹೊರಟಿದ್ದ ರೈಲುಹಾದಿಯು ಇನ್ನೂ ಮೈಸೂರನ್ನು ಮುಟ್ಟಿರಲಿಲ್ಲ. ಶಿವಮೊಗ್ಗೆ ಚಿತ್ರದುರ್ಗಗಳ ಕಡೆಯವರಿಗೆ ಅದು ಎತ್ತಿನ ಗಾಡಿಯ ಪ್ರಯಾಣ. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆಯು ಅದೇ ಮೊದಲನೆಯದು. ಬ್ರಿಟಿಷ್ ಇಂಡಿಯಾದಲ್ಲಿ ಕಾಂಗ್ರೆಸ್ ಮಹಾಸಭೆಯು ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು.

ಈ ಸಭೆಗೆ ಅಧಿಕಾರವೆಂಬುದು ಎಳ್ಳಷ್ಟೂ ಇರಲಿಲ್ಲ. ಅದು ಶಾಸನವನ್ನು ಮಾಡುವಂತಿಲ್ಲ, ಬಡ್ಜೆಟ್ಟನ್ನು ತಡೆಯುವಂತಿಲ್ಲ, ಅಧಿಕಾರಿಯನ್ನು ತೆಗೆಯುವಂತಿಲ್ಲ. ದಿವಾನರ ಭಾಷಣವನ್ನು ಕೇಳುವುದು, ಅನಂತರ ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಬಿನ್ನವಿಸಿಕೊಳ್ಳುವುದು, ಇಷ್ಟೇ. ದಸರೆಯ ದರ್ಬಾರಿಗೆ ಮತ್ತೊಂದು ಅಲಂಕಾರವೆಂದು ನಕ್ಕವರು ಆಗಲೂ ಇದ್ದರು. ನಗುವುದಕ್ಕೆ ಕಾರಣವೂ ಇದ್ದಿತು. ಆದರೆ ಈ ನಿರಧಿಕಾರವೇ ಆರಂಭದಲ್ಲಿ ಸಭೆಯನ್ನು ಕಾಪಾಡಿತೆಂದು ಹೇಳಬೇಕಾಗುತ್ತದೆ. ಅಧಿಕಾರವಿಲ್ಲದ ಸಭೆಯನ್ನು ಕಂಡು ಅರಮನೆಯೂ ಅಂಜಲಿಲ್ಲ, ಬ್ರಿಟಿಷ್ ರೆಸಿಡೆಂಟನೂ ಅಂಜಲಿಲ್ಲ. ಆದಕಾರಣ ಅದು ವರ್ಷ ವರ್ಷವೂ ತಪ್ಪದೆ ಸೇರಿತು. ವರ್ಷ ವರ್ಷವೂ ತಪ್ಪದೆ ಸೇರುವುದರಲ್ಲಿ ಒಂದು ಶಕ್ತಿಯುಂಟೆಂಬುದನ್ನು ಜಾತ್ರೆಗಳನ್ನೂ ದಾಸೋಹಗಳನ್ನೂ ನಡೆಸಿಕೊಂಡು ಬಂದಿರುವ ಭಕ್ತಸಮೂಹಕ್ಕೆ ಬೇರೆಯಾಗಿ ತಿಳಿಸಬೇಕಾದುದಿಲ್ಲ.

ಅಲ್ಲಿ ಬಂದ ಮಾತುಗಳೆಲ್ಲ ನೆಲಕ್ಕೆ ಸೇರಿದವು. ಕೆರೆಯ ಕೋಡಿ ಒಡೆದಿದೆ, ದುರಸ್ತಿಯಾಗಿಲ್ಲ; ಕಾಡಿನ ಇಲಾಖೆಯವರು ಹುಲ್ಲುಬನ್ನಿಯನ್ನು ಮುಚ್ಚಿದ್ದಾರೆ, ದನ ಮೇಯಿಸಲು ಸ್ಥಳವಿಲ್ಲ; ನೇಗಿಲಿಗೆ ಮರ ಕಡಿಯಲು ರಹದಾರಿ ಬೇಕೆನ್ನುತ್ತಾರೆ; ಕಂದಾಯದ ಕಿಸ್ತು ಫಸಲು ಕೈಗೆ ಬರುವ ಮುಂಚೆಯೇ ಬೀಳುತ್ತದೆ. ಇಂಥವನ್ನು ಕನ್ನಡದಲ್ಲಿಯೇ, ಜಿಲ್ಲೆಯ ಸರದಿಯ ಮೇಲೆ, ಎದ್ದು ನಿಂತು ಹೇಳಬೇಕು, ದಿವಾನರೇ ಕುಳಿತು ಕೇಳಿ ಉತ್ತರ ಹೇಳಬೇಕು, ಹೇಳಿದುದು ಅಚ್ಚಾಗಬೇಕು. ಊರಿನಲ್ಲಿ ಶೇಕದಾರನ ಎದುರಿಗೂ ತಲೆಯೆತ್ತದಿದ್ದ ಮನುಷ್ಯನು ಅಮಲ್ದಾರನ ವಿಷಯವನ್ನು ದಿವಾನರ ಕಿವಿಗೆ ಹಾಕುವ ಅವಕಾಶವನ್ನು ಪಡೆದುದು ಸಣ್ಣ ಸಂಗತಿಯಲ್ಲ. ಮೊದಲನೆಯ ವರ್ಷ ಉತ್ತರವು ಬಾರದಿದ್ದರೆ ಎರಡನೆಯ ವರ್ಷ ಅದೇ ಬಿನ್ನಹ, ಮೂರನೆಯ ವರ್ಷವೂ ಅದೇ. ಹಾಗೆ ಕೇಳಿ ಕೇಳಿ, ಉತ್ತರ ಕೊಡದಿರುವುದು ಸರ್ಕಾರದ ತಪ್ಪೆಂಬ ಭಾವನೆಯು ಕ್ರಮೇಣ ಬೇರೂರಿತು. 1830ರ ಕೂಟದಲ್ಲಿ ಸೇರಿದ್ದವರ ಮೊಮ್ಮಕ್ಕಳು ಅದೇ ಕಂದಾಯದ ಮಾತನ್ನು ಈಗ ಚಾವಡಿಯಲ್ಲಲ್ಲ, ರಾಜಧಾನಿಯಲ್ಲಿ ಆಡುತ್ತಿದ್ದರು. ತುಪಾಕಿಗೆ ಬದಲು ಮುದ್ರಿತವಾದ ಉತ್ತರವು ಬರುತ್ತಿತ್ತು.

ರಂಗಾಚಾರ್ಲುರವರು 1883ರ ಜನವರಿಯಲ್ಲಿಯೇ ತೀರಿಹೋದರು. ಹದಿನೆಂಟು ವರ್ಷ ದಿವಾನಗಿರಿಯನ್ನು ನಡೆಸಿದ ಕೆ. ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ, ಅಧಿಕಾರಿಗಳೂ ಸ್ಥಳೀಯ ಮಂಡಲಿಗಳೂ ಪ್ರತಿನಿಧಿಗಳನ್ನು ಆರಿಸಿ ಕಳುಹಿಸುತ್ತಿದ್ದ ಪದ್ಧತಿಯು ಹೋಗಿ, 1891ರಲ್ಲಿ ಚುನಾವಣೆಯು ಬಂದಿತು. ಆದರೆ ಚುನಾಯಿಸುವವರು ಯಾರು? ಗೊತ್ತಾದ ಮೊತ್ತದ ಕಂದಾಯ ಕೊಡುವ ಜಮೀನುದಾರರು, ಗೊತ್ತಾದ ಮೊತ್ತದ ಮೊಹತರ್ಫಾ ಕೊಡುವ ವರ್ತಕರು, ಆಸ್ತಿಯುಳ್ಳ ಪದವೀಧರರು. ಗೇಣಿಯ ಒಕ್ಕಲು, ಕೂಲಿಯವನು, ಕುಲಕಸುಬಿನವನು, ಹೆಂಗಸು, ಇವರಾರೂ ಪ್ರಜೆಗಳ ಲೆಕ್ಕಕ್ಕೆ ಸೇರಿದವರಲ್ಲ. ಆಗ ಪಂಚಮರೆಂದು ಕರೆಯಲ್ಪಡುತ್ತಿದ್ದವರ ಮಾತನ್ನಂತೂ ಆಡಬೇಕಾದುದೇ ಇಲ್ಲ. ಪಟ್ಟಣಗಳಿಂದ ವಕೀಲರು ಬರತೊಡಗಿ, ಬಿನ್ನಹದ ಧಾಟಿಯು ವಾದದ ಧಾಟಿಗೆ ತಿರುಗಿತು. ಅದರಿಂದ ಸಭೆಗೆ ಕಸುವು ಬಂದಿತು. ಹಳ್ಳಿಯ ಧ್ವನಿಯು ಸ್ವಲ್ಪ ಹಿಂದಾಯಿತು. ಒಂದು ಬಾಗಿಲನ್ನು ತೆರೆದು ಒಳಗೆ ಬಂದವರು ಅದೇ ಬಾಗಿಲನ್ನು ತಮ್ಮ ಹಿಂದೆ ಮುಚ್ಚಿಕೊಳ್ಳುವುದು ಮನುಷ್ಯ ಸ್ವಭಾವ. ಈ ಸಭೆಯ ಮುಂದಿನ ಚರಿತ್ರೆಯೆಲ್ಲವೂ ಬಾಗಿಲಿನ ಹೊರಗಿದ್ದವರು ಒಬ್ಬರಾದ ಮೇಲೊಬ್ಬರಂತೆ ಬಂದು ತಟ್ಟಿದ ಚರಿತ್ರೆ.

ಸಭೆಯು ಸಮಾಜದ ಕನ್ನಡಿಯಾಗಿತ್ತೇ ಹೊರತು ಯಾವಾಗಲೂ ಸಮಾಜದ ಗುರುವಾಗಿರಲಿಲ್ಲ. ಬಾಲ್ಯವಿವಾಹವನ್ನು ತಡೆಯುವ ಪ್ರಶ್ನೆಯು ಅದರ ಮುಂದೆ ಬಂದಾಗ ವಾದವಿವಾದಗಳು ಬಲವಾಗಿಯೇ ನಡೆದುವು. ಕೊನೆಗೆ 1894ರಲ್ಲಿ ಹೊರಟ ಶಾಸನವು ಎಂಟು ವರ್ಷಕ್ಕೆ ಒಳಗಾದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ವರ್ಷ ಮೀರಿದ ಗಂಡಸರು ಹದಿನಾಲ್ಕಕ್ಕೆ ಒಳಗಾದ ಹುಡುಗಿಯರನ್ನು ಮದುವೆಯಾಗುವುದನ್ನೂ ಶಿಕ್ಷಾರ್ಹವೆಂದು ವಿಧಿಸಿತು. ಎಂಟು ವರ್ಷ! ಈಗಿನವರ ಕಣ್ಣಿಗೆ ಈ ಮಿತಿಯು ನಗೆಗೇಡಾಗಿ ತೋರಬಹುದು. ಧರ್ಮದ ವಿಷಯದಲ್ಲಿ ಸರ್ಕಾರವು ಕೈಹಾಕಿತೆಂದು ಆಗಿನವರಿಗೆ ಅದೇ ಭಯಂಕರವಾಗಿ ತೋರಿತು. ಹದಿನಾಲ್ಕು ವರ್ಷದ ಮಿತಿಯುಳ್ಳ ಶಾರದಾ ಶಾಸನವು ಬ್ರಿಟಿಷ್ ಇಂಡಿಯಾದಲ್ಲಿ ಬಂದುದು 1929ರಲ್ಲಿ. ಈಗಿನ ಹದಿನೆಂಟು ವರ್ಷದ ಮಿತಿಯು ಬಂದುದು 1978ರಲ್ಲಿ. ಶಾಸನವನ್ನು ಬರೆಯುವವರ ಧೈರ್ಯವು ಸಾಮಾನ್ಯವಾಗಿ ಜನರ ಸೈರಣೆಯ ಅಂಚಿನವರೆಗೆ ಮಾತ್ರ ಹೋಗುತ್ತದೆ. ಆದರೆ ಆ ಅಂಚು ಮುಂದಕ್ಕೆ ಸರಿಯುವುದಕ್ಕೂ ಶಾಸನದ ಗದ್ದಲವೇ ಒಂದು ಕಾರಣವಾಗುತ್ತದೆ.

1907ರಲ್ಲಿ ನ್ಯಾಯವಿಧಾಯಕ ಸಭೆಯೆಂಬ ಎರಡನೆಯ ಸಭೆಯು ಏರ್ಪಟ್ಟಿತು. ಇದು ಚಿಕ್ಕದು, ಬಹುಮಟ್ಟಿಗೆ ಸರ್ಕಾರದವರಿಂದಲೇ ತುಂಬಿದುದು. ಮರುವರ್ಷವೇ, ಅಂದರೆ 1908ರಲ್ಲಿ, ಸರ್ಕಾರದ ಅಪ್ಪಣೆಯಿಲ್ಲದೆ ವೃತ್ತಾಂತಪತ್ರಿಕೆಯನ್ನು ಹೊರಡಿಸಕೂಡದೆಂಬ ಕಠಿನ ಶಾಸನವು ಜಾರಿಗೆ ಬಂದಿತು. ಮೈಸೂರಿನ ತಾತಯ್ಯನವರೆಂದು ಪೂಜ್ಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಮಾತನಾಡಲು ಸಭೆಯನ್ನು ಕೊಟ್ಟ ಪ್ರಭುತ್ವವು ಬರೆಯುವ ಲೇಖನಿಗೆ ಅಂಜಿದುದು ಗಮನಿಸತಕ್ಕ ವಿಷಯ. ದೊರೆಯ ಎದುರಿಗೆ ಹೇಳಿದ ದೂರು ಬಿನ್ನಹ. ಜನರ ಎದುರಿಗೆ ಹೇಳಿದ ದೂರು ದ್ರೋಹ: ಹಳೆಯ ಭಾವನೆಯು ಇನ್ನೂ ಇಷ್ಟು ಗಟ್ಟಿಯಾಗಿತ್ತು.

ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ, ಅದರಲ್ಲಿಯೂ 1912ರಿಂದ 1918ರವರೆಗೆ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ನಡೆದ ಕಾರ್ಯಗಳನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಕನ್ನಂಬಾಡಿಯ ಕಟ್ಟೆಯೂ 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೂ ಎಲ್ಲರಿಗೂ ತಿಳಿದವೇ. ಅಷ್ಟಾಗಿ ತಿಳಿಯದ ಒಂದು ಸಂಗತಿಯು 1915ರದು. ಆ ವರ್ಷ ವಿದ್ಯಾ ಇಲಾಖೆಯವರು, ಸರ್ಕಾರದ ಶಾಲೆಗಳಲ್ಲಿ ಜಾತಿಯ ಕಾರಣದಿಂದ ಯಾವ ಮಗುವನ್ನೂ ಹೊರಗೆ ನಿಲ್ಲಿಸಕೂಡದೆಂದು ಆಜ್ಞೆ ಹೊರಡಿಸಿದರು. ಆಜ್ಞೆಯು ಒಂದು ಹಾಳೆಯದು. ಅದನ್ನು ಜಾರಿಗೆ ತರಬೇಕಾದುದು ಹಳ್ಳಿಯ ಉಪಾಧ್ಯಾಯನು. ಹಲವೆಡೆಗಳಲ್ಲಿ ಮೇಲ್ಜಾತಿಯೆನಿಸಿಕೊಂಡವರು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಸಭೆಯಲ್ಲಿ ಸರ್ಕಾರದಿಂದ ಹಕ್ಕನ್ನು ಕೇಳುತ್ತಿದ್ದ ವರ್ಗದವರೇ ಊರಿನಲ್ಲಿ ಇತರರಿಗೆ ಹಕ್ಕನ್ನು ಕೊಡಲು ಒಪ್ಪಲಿಲ್ಲ. ಆ ಆಜ್ಞೆಯನ್ನು ಸರ್ಕಾರವು ಹಿಂತೆಗೆದುಕೊಳ್ಳಲಿಲ್ಲವೆಂಬುದು ಅದರ ಕೀರ್ತಿ. ಅದು ಪೂರ್ಣವಾಗಿ ನಡೆಯಲು ಒಂದು ತಲೆಮಾರಿನ ಮೇಲೆ ಬೇಕಾಯಿತೆಂಬುದು ಸಮಾಜದ ಅಪಕೀರ್ತಿ.

ಅದೇ ದಶಕದಲ್ಲಿ ಇನ್ನೊಂದು ಪ್ರಶ್ನೆಯು ಬಂದಿತು. ಸಂಸ್ಥಾನದ ಜನಸಂಖ್ಯೆಯಲ್ಲಿ ಬಹುಭಾಗದವರಾದ ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಮೊದಲಾದವರು ಸರ್ಕಾರದ ಕಚೇರಿಗಳಲ್ಲಿ ಬೆರಳೆಣಿಕೆಯಷ್ಟಿದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿ ಮಹಾರಾಜರಲ್ಲಿ ಬಿನ್ನವಿಸಿಕೊಂಡಿತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರನ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಏಳು ವರ್ಷಗಳ ಒಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದೆ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರ ಜನಾಂಗಗಳವರಿಗೆ ದೊರೆಯತಕ್ಕದ್ದೆಂದು ಅದು ಸೂಚಿಸಿತು. 1921ರಲ್ಲಿ ಸರ್ಕಾರದ ಆಜ್ಞೆಯಾಯಿತು. ಯೋಗ್ಯತೆಗೆ ಇದರಿಂದ ಧಕ್ಕೆಯೆಂಬುದು ವಿಶ್ವೇಶ್ವರಯ್ಯನವರ ದೃಢವಾದ ಅಭಿಪ್ರಾಯವಾಗಿತ್ತು, ಅವರು ದಿವಾನಗಿರಿಯನ್ನು ಬಿಡಲು ಇದೂ ಒಂದು ಕಾರಣವಾಯಿತು. ಆ ಮಹನೀಯರ ವಾದವನ್ನು ದುರುದ್ದೇಶದ್ದೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ವಿದ್ಯೆಗೆ ಅವಕಾಶವೇ ಇಲ್ಲದ ಕಡೆಯಲ್ಲಿ ಯೋಗ್ಯತೆಯನ್ನು ಅಳೆಯುವ ಕೋಲು ಯಾವುದೆಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿರಲಿಲ್ಲ. ಉತ್ತರವು ಬೇರೆ ದಿಕ್ಕಿನಿಂದ ಬಂದಿತು. ಹಳ್ಳಿಯ ಹುಡುಗನು ಪಟ್ಟಣಕ್ಕೆ ಬಂದು ಓದಬೇಕಾದರೆ ಮೊದಲು ಬೇಕಾದುದು ಎರಡು ಹೊತ್ತಿನ ಅನ್ನ, ಮಲಗಲು ಒಂದು ಸ್ಥಳ. ಮಠಗಳೂ ಜನಾಂಗದ ಸಂಘಗಳೂ ತೆರೆದ ಉಚಿತ ವಿದ್ಯಾರ್ಥಿನಿಲಯಗಳು ಇದನ್ನು ಒದಗಿಸಿದುವು. ಯಾತ್ರಿಕನಿಗೂ ಜಂಗಮನಿಗೂ ನಡೆಯುತ್ತಿದ್ದ ದಾಸೋಹವು ವಿದ್ಯಾರ್ಥಿಗೂ ನಡೆಯಿತು. ಮಿಲ್ಲರ್ ಸಮಿತಿಯ ಆಜ್ಞೆಯು ಬರಿಯ ಕಾಗದವಾಗಿ ಉಳಿಯದಂತೆ ಮಾಡಿದ ಕಾರಣಗಳಲ್ಲಿ ಈ ಅನ್ನದ ಪಂಕ್ತಿಯೂ ಒಂದು.

ಸಭೆಯ ಕಡೆಗೆ ಮತ್ತೆ ತಿರುಗಿದರೆ, 1923ರವರೆಗೆ ಅದು ಕೇವಲ ಸರ್ಕಾರದ ಆಜ್ಞೆಯ ಮೇಲೆ ನಿಂತಿತ್ತು. ಬೇಡವೆಂದರೆ ಅಂಥದೇ ಮತ್ತೊಂದು ಆಜ್ಞೆಯಿಂದ ಅದನ್ನು ಮುಚ್ಚಬಹುದಾಗಿತ್ತು. ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಸಮಿತಿಯ ವರದಿಯನ್ನನುಸರಿಸಿ ಆ ವರ್ಷ ಅದಕ್ಕೆ ಶಾಸನದ ಅಸ್ತಿಭಾರವು ದೊರೆಯಿತು. ಸದಸ್ಯರ ಸಂಖ್ಯೆಯು 250ಕ್ಕೆ ಏರಿತು. ಮತದಾನಕ್ಕೆ ಬೇಕಾದ ಆಸ್ತಿಯ ಮಿತಿಯು ಅರ್ಧಕ್ಕೆ ಇಳಿಯಿತು. ಹೆಂಗಸೆಂಬ ಕಾರಣದಿಂದ ಮತವಿಲ್ಲವೆಂಬ ನಿಷೇಧವು ಹೋಯಿತು. ಹೊಸ ತೆರಿಗೆಯನ್ನು ಹಾಕುವ ಮೊದಲು ಸಭೆಯನ್ನು ಕೇಳಬೇಕು, ಮಸೂದೆಯ ಸಾಮಾನ್ಯ ತತ್ತ್ವವನ್ನು ಮೊದಲು ಅದರ ಮುಂದೆ ಇಡಬೇಕು ಎಂಬ ನಿಯಮಗಳು ಬಂದುವು. ಕೇಳಬೇಕಾದವನು ಈಗ ಸರ್ಕಾರವಾಯಿತು! ನಲವತ್ತೆರಡು ವರ್ಷಗಳ ಹಿಂದೆ ದಿವಾನರು ಕೃಪೆಯಿಂದ ತಿಳಿಸುತ್ತಿದ್ದ ವಿಷಯವನ್ನು ಈಗ ಬಾಧ್ಯತೆಯಿಂದ ಒಪ್ಪಿಸಬೇಕಾಯಿತು. ಆದರೂ ಅಂತಿಮವಾದ ಮಾತು ದಿವಾನರದೇ, ದಿವಾನರ ನೇಮಕವು ಮಹಾರಾಜರದೇ.

ಹೆಂಗಸರಿಗೆ ಬಾಗಿಲು ತೆರೆದುದರ ಫಲವು ಹತ್ತು ವರ್ಷಗಳಲ್ಲಿ ಕಾಣಿಸಿತು. 1933ರ ಹಿಂದೂ ಸ್ತ್ರೀಯರ ಹಕ್ಕುಬಾಧ್ಯತೆಗಳ ಶಾಸನವು, ಅವಿಭಕ್ತ ಕುಟುಂಬದ ಆಸ್ತಿಯು ಪಾಲಾಗುವಾಗ ವಿಧವೆಗೂ ತಾಯಿಗೂ ಅವಿವಾಹಿತೆಯಾದ ಮಗಳಿಗೂ ಪಾಲನ್ನು ಕೊಟ್ಟಿತು. ಭರತಖಂಡದ ಇತರ ಭಾಗಗಳಲ್ಲಿ ಅಂಥ ಮಾತು ಇನ್ನೂ ಸಭೆಗಳ ಭಾಷಣದಲ್ಲಿದ್ದ ಕಾಲವದು. ಮದುವೆಯಾದ ಮಗಳಿಗೆ ಮಾತ್ರ ಪಾಲಿಲ್ಲ. 1994ರ ಕರ್ನಾಟಕದ ತಿದ್ದುಪಡಿಯು ಮಗಳನ್ನು ಮಗನಿಗೆ ಸಮನಾದ ಸಹಭಾಗಿನಿಯೆಂದು ಒಪ್ಪಿದರೂ ಅದಕ್ಕೆ ಮುಂಚೆಯೇ ಮದುವೆಯಾಗಿದ್ದವಳನ್ನು ಹೊರಗೇ ಇಟ್ಟಿತು. ಭೇದವಿಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಆ ಸ್ಥಾನವು ದೊರೆತುದು 2005ರ ಕೇಂದ್ರ ಶಾಸನದಿಂದ. ಒಂದು ಭಾವನೆಯು ಮೊದಲ ಹೆಜ್ಜೆಯಿಂದ ಕಡೆಯ ಹೆಜ್ಜೆಗೆ ಹೋಗಲು ಎಪ್ಪತ್ತೆರಡು ವರ್ಷ ಹಿಡಿಯಿತು. ಈ ನಡುವೆ ಸಂಸ್ಥಾನವು ಹೋಗಿತ್ತು, ಸಾಮ್ರಾಜ್ಯವೂ ಹೋಗಿತ್ತು.

ಸಭೆಯ ಹೊರಗೆ ಇಷ್ಟರಲ್ಲಿ ಬೇರೊಂದು ಗಾಳಿಯು ಬೀಸುತ್ತಿತ್ತು. ಬೇಡಿಕೆಯು ದೂರಿನಿಂದ ತತ್ತ್ವಕ್ಕೆ ಏರಿತು: ದಿವಾನರು ಉತ್ತರ ಹೇಳಬೇಕಾದುದು ಮಹಾರಾಜರಿಗೋ, ಪ್ರಜೆಗಳಿಗೋ? ಇದಕ್ಕೆ ಜವಾಬ್ದಾರಿ ಸರ್ಕಾರವೆಂದು ಹೆಸರಾಯಿತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಕಾಂಗ್ರೆಸ್ಸಿನ ಬಾವುಟವನ್ನು ಹಾರಿಸಲಾಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗುಂಡುಹಾರಿ ಹಲವರು ಸತ್ತರು. ಸಭೆಯಿದ್ದೂ ತುಪಾಕಿಯು ಮತ್ತೆ ಮಾತನಾಡಿತು. ಆದರೆ 1830ಕ್ಕೂ 1938ಕ್ಕೂ ಇದ್ದ ಅಂತರವನ್ನು ನೋಡಬೇಕು. ನಗರದ ಕೂಟದ ಮೇಲೆ ಹಾರಿಸಿದ ಗುಂಡಿಗೆ ಯಾರೂ ಲೆಕ್ಕ ಕೇಳಲಿಲ್ಲ. ವಿದುರಾಶ್ವತ್ಥದ ಗುಂಡಿಗೆ ದಿವಾನ್ ಮಿರ್ಜಾ ಇಸ್ಮಾಯಿಲ್‌ರವರು ದೇಶಕ್ಕೆಲ್ಲ ಸಮಾಧಾನ ಹೇಳಬೇಕಾಯಿತು. ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬಂದು ಮಾತನಾಡಿ, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನು ಹಾರಿಸಬಹುದೆಂಬ ಒಪ್ಪಂದವಾಯಿತು. 1940ರಲ್ಲಿ ಮತ್ತೊಂದು ಸುಧಾರಣೆಯ ಶಾಸನವು ಬಂದಿತು. ಸಭೆಯ ಸಂಖ್ಯೆ 310ಕ್ಕೆ ಏರಿತು. ಬಾಯಾರಿದವನಿಗೆ ಹನಿ ಹನಿಯಾಗಿ ಎರೆದಂತೆ ಆ ಸುಧಾರಣೆಯು ಯಾರನ್ನೂ ತೃಪ್ತಿಪಡಿಸಲಿಲ್ಲ.

1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಸ್ವಾತಂತ್ರ್ಯವು ಬಂದಿತು. ಮೈಸೂರು ಆಗಲೇ ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಿದ್ದರೂ, ಒಳಗಿನ ಆಡಳಿತವು ಹಿಂದಿನಂತೆಯೇ ಇದ್ದಿತು. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿಯು ಎದ್ದಿತು. ವಿದ್ಯಾರ್ಥಿಗಳು, ಕಾರ್ಖಾನೆಯ ಕೆಲಸಗಾರರು, ರೈತರು ಸೆರೆಮನೆಗಳನ್ನು ತುಂಬಿದರು. ಆ ವಿದ್ಯಾರ್ಥಿಗಳಲ್ಲಿ ಮಠಗಳ ಅನ್ನದಿಂದ ಓದಿದವರೂ ಇದ್ದರು. ಅಕ್ಟೋಬರಿನಲ್ಲಿ ಜಯಚಾಮರಾಜೇಂದ್ರ ಒಡೆಯರವರು ಒಪ್ಪಿ, ಕೆ. ಸಿ. ರೆಡ್ಡಿಯವರ ಮುಖಂಡತ್ವದಲ್ಲಿ ಮಂತ್ರಿಮಂಡಲವು ಅಧಿಕಾರವನ್ನು ವಹಿಸಿತು. ನಗರದ ದಂಗೆಯಂತೆ ಇದು ರಾಜ್ಯವನ್ನು ಪರರ ಕೈಗೆ ಕೊಡಲಿಲ್ಲ. ಕೇಳುವ ಅಭ್ಯಾಸವು ಅರುವತ್ತಾರು ವರ್ಷಗಳಿಂದ ಬೆಳೆದಿದ್ದುದರಿಂದ, ಅಧಿಕಾರವನ್ನು ವಹಿಸಿಕೊಳ್ಳಲು ಅದರ ಪರಿಚಯವುಳ್ಳ ಜನರು ಸಿದ್ಧರಾಗಿದ್ದರು. ಕೊಡುವವರಿಗೂ ಅದು ಸರ್ವನಾಶದಂತೆ ತೋರಲಿಲ್ಲ.

ಕೇಳುವುದಕ್ಕಾಗಿಯೇ ಹುಟ್ಟಿದ ಸಭೆಗೆ, ಪ್ರಜೆಗಳೇ ಸರ್ಕಾರವಾದ ಮೇಲೆ ಕೆಲಸವುಳಿಯಲಿಲ್ಲ. 1949ರ ಡಿಸೆಂಬರ್ 16ರಂದು ಪ್ರಜಾಪ್ರತಿನಿಧಿ ಸಭೆಯೂ ನ್ಯಾಯವಿಧಾಯಕ ಸಭೆಯೂ ವಿಸರ್ಜನೆಗೊಂಡುವು. ಮುಂದಿನ ಜನವರಿ 26ರಿಂದ ಭಾರತದ ಸಂವಿಧಾನವು ಮೈಸೂರಿಗೂ ಅನ್ವಯಿಸಿತು. 1952ರ ಆರಂಭದಲ್ಲಿ ಮುಗಿದ ಮೊದಲ ಮಹಾಚುನಾವಣೆಯಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಎಲ್ಲ ಗಂಡಸರಿಗೂ ಹೆಂಗಸರಿಗೂ ಮತವಿದ್ದಿತು. ಕಂದಾಯದ ರಸೀತಿಯನ್ನು ಯಾರೂ ಕೇಳಲಿಲ್ಲ. 1891ರಲ್ಲಿ ಲೆಕ್ಕಕ್ಕೆ ಬಾರದಿದ್ದ ಗೇಣಿಯ ಒಕ್ಕಲೂ, ಕೂಲಿಯವನೂ, 1915ರಲ್ಲಿ ಶಾಲೆಯ ಜಗುಲಿಯಾಚೆ ನಿಂತಿದ್ದ ಹುಡುಗನೂ ಅದೇ ಸಾಲಿನಲ್ಲಿ ನಿಂತು ಮತ ಹಾಕಿದರು. ಗೇಣಿದಾರನಿಗೆ ಭೂಮಿಯು ದೊರೆಯಲು 1974ರ ಶಾಸನದವರೆಗೂ ಕಾಯಬೇಕಾಯಿತು. ಜಯಚಾಮರಾಜೇಂದ್ರ ಒಡೆಯರವರು ಮೊದಲು ರಾಜಪ್ರಮುಖರಾಗಿ, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಬಳಿಕ ವಿಶಾಲ ಮೈಸೂರಿನ ಪ್ರಥಮ ರಾಜ್ಯಪಾಲರಾಗಿ, ಚುನಾಯಿತ ಮಂತ್ರಿಗಳು ಸಿದ್ಧಪಡಿಸಿಕೊಟ್ಟ ಭಾಷಣವನ್ನು ಚುನಾಯಿತ ಸಭೆಯ ಮುಂದೆ ಓದಿದರು.